ಮಾಕ್ ಸೆಲಾಮಾ ಸುಮ್ಮನೆ ಹಲಾಲ್ ಅನ್ನುವವರಲ್ಲ

ಮಗು ಮಲಗಿದ್ದಾಳೆ. ತೊಟ್ಟಿಲಿನ ಸ್ಪ್ರಿಂಗ್ ಕಿರುಗುಟ್ಟುವುದು ನಿಂತರೆ ಎದ್ದುಬಿಡುತ್ತಾಳೆ. ಹಾಗಾಗಿ ಎಡಗಾಲಿನಿಂದ ಹಗ್ಗ ಎಳೆಯುತ್ತ ಬರೆಯುತ್ತಿದ್ದೇನೆ. ನಿನ್ನೆ ಜೂರಾಳ ಮದುವೆ ಆಯಿತು. ಅದನ್ನು ಬರೆಯಬೇಕಾದರೆ ಮೊದಲು ಊರಿನವರೆಲ್ಲ ಮಾಕ್, ಅಂದರೆ ಅಮ್ಮ, ಎನ್ನುವ ಪಕ್ಕದ ಮನೆಯ ಮಾಕ್ ಸೆಲಾಮಾ ಅವರನ್ನು ಬರೆಯಬೇಕು. ಇಲ್ಲದಿದ್ದರೆ ಏನೂ ಅರ್ಥವಾಗುವುದಿಲ್ಲ.

ನಮ್ಮ ತೆರೆಂಗಾನು ಕಡಲತೀರದಲ್ಲಿ ಹಲಾಲ್ ಅನ್ನುವ ಮಾತು ಎಲ್ಲರ ಬಾಯಿಂದ ಉದುರುತ್ತಲೇ ಇರುತ್ತದೆ. ಊಟ ಮುಗಿಸಿ ಏಳುವಾಗ 'ತಿಂದದ್ದು ಕುಡಿದದ್ದು ಹಲಾಲ್ ಮಾಡಿಕೊಡಿ' ಅನ್ನುತ್ತೇವೆ. ಬೇರೆಯವರ ಬೇಲಿಯ ನಿಂಬೆಹಣ್ಣು ಕಿತ್ತರೂ ಅದೇ ಮಾತು, ಕೆಲಸ ಬಿಟ್ಟು ಹೊರಟರೂ ಅದೇ, ಹಜ್‌ಗೆ ಹೋಗುವಾಗಲೂ ಅದೇ. ಕೊಟ್ಟವರು ಮನಸಾರೆ ಬಿಟ್ಟುಕೊಟ್ಟರೆ ತಾನೇ ತಿಂದದ್ದು ನಮ್ಮದಾಗುವುದು? ಕೇಳಿಸಿಕೊಂಡವರು 'ಹಲಾಲ್, ಹಲಾಲ್' ಎಂದು ನೊಣ ಓಡಿಸಿದ ಹಾಗೆ ಕೈ ಬೀಸುತ್ತಾರೆ. ಅಲ್ಲಿಗೆ ಮುಗಿಯಿತು.

ಮಾಕ್ ಸೆಲಾಮಾ ಹಾಗೆ ಕೈ ಬೀಸುವುದಿಲ್ಲ. ಅವರು "ಯಾವುದಕ್ಕೆ?" ಎಂದು ಕೇಳುತ್ತಾರೆ.

ನಾನು ಮದುವೆಯಾಗಿ ಈ ಹಳ್ಳಿಗೆ ಬಂದ ಹೊಸತರಲ್ಲಿ ಅವರ ಮನೆಗೆ ನಮ್ಮನ್ನು ಊಟಕ್ಕೆ ಕರೆದಿದ್ದರು. ನಮ್ಮವರು ಹೊಟ್ಟೆ ತುಂಬ ತಿಂದು, ಕೈ ತೊಳೆದು, ಎಲ್ಲರಂತೆ ಹಲಾಲ್ ಕೇಳಿದರು. ಮಾಕ್ ಸೆಲಾಮಾ ತಟ್ಟೆ ಎತ್ತುತ್ತಿದ್ದವರು ಹಾಗೆಯೇ ನಿಂತು "ಯಾವುದಕ್ಕೆ?" ಅಂದರು. ನಮ್ಮವರು ತಬ್ಬಿಬ್ಬಾದರು. ಅನ್ನ, ಮೀನಿನ ಸಾರು, ಸೌತೆಕಾಯಿ ಅಂತ ಶಾಲೆಯ ಹುಡುಗನ ಹಾಗೆ ಒಪ್ಪಿಸಿ, ಕೊನೆಗೆ ಸ್ವಲ್ಪ ತಡೆದು, ರುಸ್ದಿಯ ತಟ್ಟೆಯಿಂದ ಎತ್ತಿಕೊಂಡ ಮೊಟ್ಟೆ ಎಂದೂ ಸೇರಿಸಿದರು. ರುಸ್ದಿ ಮಾಕ್ ಸೆಲಾಮಾ ಅವರ ಒಬ್ಬನೇ ಮಗ. ನಮ್ಮವರೂ ಅವನೂ ಒಂದೇ ದೋಣಿಯಲ್ಲಿ ಬೊಂಡಾಸ್ ಮೀನು ಹಿಡಿಯಲು ಹೋಗುತ್ತಾರೆ.

"ಅನ್ನ, ಸಾರು, ಸೌತೆಕಾಯಿ ಹಲಾಲ್," ಅಂದರು ಮಾಕ್ ಸೆಲಾಮಾ. "ಮೊಟ್ಟೆ ನಂದಲ್ಲ. ಅವನನ್ನ ಕೇಳು."

ಮನೆಗೆ ಬರುವ ದಾರಿಯುದ್ದಕ್ಕೂ ನಾನು ನಗುತ್ತಿದ್ದೆ. ನಮ್ಮವರು ನಗಲಿಲ್ಲ. "ಆ ಹೆಂಗಸಿನ ಹತ್ರ ಒಂದ್ಸಲ ಹಲಾಲ್ ಅನ್ನಿಸಿಕೊಂಡ್ರೆ ಆಯ್ತು ಕಣೆ, ನೆಮ್ಮದಿಯಾಗಿ ಸಾಯಬಹುದು," ಅಂದರು.

ಅವರ ಜೀವನ ಲೆಕೊರ್ ಎಂಬ ಮೀನಿನ ತಿಂಡಿ ಮಾಡಿ ಮಾರುವುದರಲ್ಲೇ ನಡೆದಿದೆ. ಬೆಳಗಿನ ನಮಾಜು ಮುಗಿಸಿ ಮೀನು ಅರೆದು, ಸಾಬಕ್ಕಿ ಹಿಟ್ಟು ಸೇರಿಸಿ ನಾದಿ, ಹಲಗೆಯ ಮೇಲೆ ಉದ್ದುದ್ದಕ್ಕೆ ಹೊಸೆದು, ಕುದಿಯುವ ಹಂಡೆಗೆ ಬಿಡುತ್ತಾರೆ. ರಸ್ತೆ ಬದಿಯ ಅವರ ತಗಡಿನ ಚಪ್ಪರದಿಂದ ಬರುವ ಹಬೆಯ ವಾಸನೆ ನನ್ನ ಅಡುಗೆಮನೆಗೇ ಬರುತ್ತದೆ. ಸಿಹಿಗುಂಬಳ ಹಾಕಿದ ಖಾರದ ಚಟ್ನಿ ಬೇರೆಯವರದಕ್ಕಿಂತ ಗಟ್ಟಿ. ಶಾಲೆ ಬಿಟ್ಟ ಮಕ್ಕಳು ಬುಟ್ಟಿಗೆ ಕೈ ಹಾಕಿ ಓಡಿದರೆ ಅವರು ಬೈಯುವುದಿಲ್ಲ, ಕೂಗಿ ಕರೆಯುತ್ತಾರೆ. "ಬಾ ಇಲ್ಲಿ, ಕೇಳಿ ತಗೋ. ಕೇಳದೆ ತಿಂದ್ರೆ ನಾನು ಹೆಂಗೆ ಹಲಾಲ್ ಮಾಡ್ಲಿ?" ಮಕ್ಕಳು ಬಾಯಿ ತುಂಬಿಕೊಂಡೇ ವಾಪಸ್ ಬಂದು ಕೇಳುತ್ತಾರೆ. ಹಾಗೆ ಕೇಳಿದವರಿಗೆ ಇನ್ನೊಂದು ತುಂಡು ಸಿಗುತ್ತದೆ. ಇದು ಗೊತ್ತಿರುವ ಮಕ್ಕಳು ಬೇಕೆಂದೇ ಕದಿಯುತ್ತಾರೆ. ಅದೂ ಅವರಿಗೆ ಗೊತ್ತು.

ನನ್ನ ಬಾಣಂತನದಲ್ಲಿ ಮೈಗೆ ಎಣ್ಣೆ ಹಚ್ಚಿ ನೀವಿದವರೂ, ಬಿಸಿ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿದವರೂ, ಸೊಂಟಕ್ಕೆ ಪಟ್ಟಿ ಬಿಗಿದವರೂ ಅವರೇ. ನನ್ನ ತಾಯಿ ದೂರದ ಪಹಾಂಗಿನಲ್ಲಿದ್ದಾಳೆ. ಎದೆ ಕಲ್ಲಿನಂತಾಗಿ ಜ್ವರ ಬಂದ ದಿನ ನಾನು ಅವರ ಮೇಲೆಯೇ ಕಿರುಚಾಡಿದ್ದೆ. ಪಥ್ಯ ಮುಗಿದ ದಿನ ಹೊಸ ಸರೋಂಗನ್ನು ಕೈಗಿಟ್ಟು, ಮಾಕ್, ಎಲ್ಲವನ್ನೂ ಹಲಾಲ್ ಮಾಡಿ ಅಂದೆ. ಯಾವುದಕ್ಕೆ ಎಂದು ಕೇಳಿಯೇ ಕೇಳುತ್ತಾರೆಂದು ಮೊದಲೇ ಸಿದ್ಧವಾಗಿದ್ದೆ. ಎಣ್ಣೆ, ಕಲ್ಲು, ನಿದ್ದೆಗೆಟ್ಟದ್ದು, ಕಿರುಚಾಡಿದ್ದು ಎಲ್ಲ ಹೇಳಿದೆ. ಒಂದೊಂದಕ್ಕೂ ಹಲಾಲ್ ಅಂದರು. ಆಮೇಲೆ "ನೀನು ಕೇಳದೇ ಇದ್ದದ್ದು ಒಂದಿದೆ. ಮೊದಲ ವಾರ ನನ್ನ ಕೈ ಒರಟು ಅಂತ ನೀನು ನಿನ್ನ ತಾಯಿಗೆ ಫೋನಲ್ಲಿ ಹೇಳಿದ್ದೆ, ಗೋಡೆ ತೆಳ್ಳಗಿದೆ ಮಗಳೇ," ಅಂದರು. ನನ್ನ ಮುಖ ಕೆಂಪೇರಿತು. ಅವರು ನನ್ನ ಗಲ್ಲ ಹಿಂಡಿ ಅದಕ್ಕೂ ಹಲಾಲ್ ಅಂದರು. ಆವತ್ತು ಮನಸ್ಸು ಎಷ್ಟು ಹಗುರವಾಯಿತೆಂದರೆ, ನೊಣ ಓಡಿಸುವ ಹಲಾಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಆಗಲೇ ಗೊತ್ತಾಯಿತು.

ಇನ್ನು ಜೂರಾ.

ಜೂರಾ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ. ಬಟ್ಟೆ ಹೊಲಿಯುತ್ತಾಳೆ, ನನ್ನ ಹಬ್ಬದ ಉಡುಪೆಲ್ಲ ಅವಳ ಕೈಯದೇ. ಅವಳು ಹುಟ್ಟಿದಾಗ ಅವಳ ತಾಯಿಗೆ ನಂಜು ಏರಿ ಕ್ವಾಲಾ ತೆರೆಂಗಾನುವಿನ ದೊಡ್ಡ ಆಸ್ಪತ್ರೆಯಲ್ಲಿ ಬಹಳ ಕಾಲ ಮಲಗಿದ್ದಳಂತೆ. ಮಾಕ್ ಸೆಲಾಮಾ ಆಗ ಹಸಿ ಬಾಣಂತಿ, ರುಸ್ದಿ ಕೈಗೂಸು. ಅಳುತ್ತಿದ್ದ ಜೂರಾಳನ್ನು ಯಾರೂ ಹೇಳದೆ ಎತ್ತಿಕೊಂಡು ಬಂದು ಎದೆಗೆ ಹಾಕಿಕೊಂಡರು. ಬಲಗಡೆ ರುಸ್ದಿ, ಎಡಗಡೆ ಜೂರಾ. ಜೂರಾಳ ತಾಯಿ ಮನೆಗೆ ಬಂದರೂ ಹಾಲು ಬರಲಿಲ್ಲ. ಹಾಗಾಗಿ ಜೂರಾ ಇಲ್ಲಿಯೇ ಕುಡಿದು ಬೆಳೆದಳು. ಒಂದೇ ಎದೆಯ ಹಾಲು ಕುಡಿದ ಮೇಲೆ ಅವರಿಬ್ಬರೂ ಅಣ್ಣ ತಂಗಿ, ಅದರಲ್ಲಿ ಎರಡು ಮಾತಿಲ್ಲ. ಹೆತ್ತ ತಾಯಿ ಕೆಲವು ವರ್ಷಗಳ ಹಿಂದೆ ತೀರಿಕೊಂಡಳು.

ಜೂರಾ ಎತ್ತರದ ಹುಡುಗಿ, ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಾಳೆ. ರುಸ್ದಿ ಕುಳ್ಳ. ಊರಿನವರೆಲ್ಲ ಅವನನ್ನು ಅರ್ಧ ಲೋಟ ಅನ್ನುತ್ತಾರೆ. ಅರ್ಧ ಲೋಟ ಹಾಲಿನಲ್ಲಿ ಬೆಳೆದವನು ಅಂತ. ದೋಣಿಯವರು ಕರೆದರೆ ಓಗೊಡುತ್ತಾನೆ, ನಗುತ್ತಾನೆ ಕೂಡ. ಕಡಲ ಕಾವಲಿನ ಕೆಲಸಕ್ಕೆ ಅರ್ಜಿ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನಿಂತು, ಎತ್ತರ ಸಾಲದೆಂದು ವಾಪಸ್ ಬಂದವನು ಎಂಬುದು ನಮ್ಮವರು ಹೇಳಿ ನನಗೆ ಗೊತ್ತು. ಜೂರಾ ಇರುವ ಕಡೆ ಅವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದನ್ನು ನಾನೇ ಕಂಡಿದ್ದೆ. ಯಾಕೆಂದು ಕೇಳಿರಲಿಲ್ಲ.

ಮದುವೆಯ ಹಿಂದಿನ ಸಂಜೆ ಜೂರಾ, ಅವಳ ಅಪ್ಪನ ತಂಗಿಯನ್ನು ಕರೆದುಕೊಂಡು, ಮಾಕ್ ಸೆಲಾಮಾ ಅವರ ಮನೆಗೆ ಬಂದಳು. ನಾನೂ ಅಲ್ಲಿಯೇ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದೆ. ನಿಕಾಹ್‌ಗೆ ಮುಂಚೆ ಮಗಳು ತಾಯಿಯ ಕೈಗೆ ಮುತ್ತಿಟ್ಟು ಹಾಲನ್ನು ಹಲಾಲ್ ಮಾಡಿಸಿಕೊಳ್ಳುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದ್ದದ್ದೇ. ಅಮ್ಮಂದಿರು ಅಳುತ್ತ ಹಲಾಲ್ ಅನ್ನುತ್ತಾರೆ, ಫೋಟೋ ತೆಗೆಯುತ್ತಾರೆ, ಮುಗಿಯುತ್ತದೆ. ಜೂರಾ ಮಂಡಿಯೂರಿ, ಹಾಲು ಎಂದು ಹೆಸರು ಹಿಡಿದೇ ಕೇಳಿದಳು. ಮಾಕ್ ಸೆಲಾಮಾ ಅವರನ್ನು ಬಲ್ಲವಳಲ್ಲವೇ.

ಮಾಕ್ ಸೆಲಾಮಾ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೇಳಿದರು:

"ನನ್ನದೆಷ್ಟೋ ಅಷ್ಟು ಹಲಾಲ್ ಕಣಮ್ಮ, ಒಂದು ಹನಿ ಉಳಿಸಿಕೊಳ್ಳದೆ. ಆದ್ರೆ ಅರ್ಧ ನನ್ನದಲ್ಲ. ಅದು ರುಸ್ದಿ ಪಾಲು. ಅವನನ್ನ ಕೇಳು."

ಸೋದರತ್ತೆಗೆ ಸಿಟ್ಟು ಬಂತು. ಹಾಲಿಗೆ ಪಾಲುದಾರರಿರುವುದನ್ನು ಇವತ್ತೇ ಕೇಳಿದ್ದು ಅಂದಳು. ಕೂಸು ಹಾಲು ಕುಡಿದರೆ ಅದಕ್ಕೆ ಯಾವ ಋಣವೂ ಇಲ್ಲ, ಬೇಕಾದರೆ ಇಮಾಮರನ್ನೇ ಕೇಳೋಣ, ಮದುವೆಯ ಮನೆಯಲ್ಲಿ ಹೀಗೆ ಹುಡುಗಿಯನ್ನು ಅಳಿಸಬಾರದು ಎಂದಳು. ಇಮಾಮರು ಹಾಗೆಯೇ ಹೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ ಅಂದರು ಮಾಕ್ ಸೆಲಾಮಾ. ಧರ್ಮ ಕೇಳುತ್ತಿಲ್ಲ, ಜೂರಾ ಕೇಳುತ್ತಿದ್ದಾಳೆ, ನನ್ನದಲ್ಲದ್ದನ್ನು ಕೊಟ್ಟೆ ಅಂತ ಅವಳಿಗೆ ಸುಳ್ಳು ಹೇಳಲು ನನ್ನಿಂದಾಗದು ಅಂದರು.

ಅವರಿಬ್ಬರೂ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಹುಡುಗಿಯ ಕಣ್ಣು ನೋಡಿದಿರಾ ಮಾಕ್, ಹೆತ್ತವಳಿಲ್ಲ, ನಿಮ್ಮ ಒಂದು ಮಾತಿಗಾಗಿ ಬಂದಿದ್ದಳು ಅಂದೆ.

ಅವರು ಹಂಡೆ ಉಜ್ಜುತ್ತ ನಿಧಾನವಾಗಿ ಹೇಳಿದರು. ಜೂರಾಳಿಗೆ ಹಸಿವು ಹೆಚ್ಚು. ತನ್ನ ಕಡೆಯದು ಮುಗಿಸಿ ಇನ್ನೊಂದು ಕಡೆಗೂ ಬಾಯಿ ಹಾಕುತ್ತಿದ್ದಳು. ರುಸ್ದಿಗೆ ಬೇಗ ಗಂಜಿ ಶುರು ಮಾಡಿದರು, ಅವನ ಪಾಲು ಇವಳಿಗೆ ಹೋಯಿತು. ರುಸ್ದಿ ಕುಳ್ಳನಾದದ್ದು ಅದರಿಂದಲ್ಲ, ಅವನ ಅಪ್ಪನೂ ಕುಳ್ಳನೇ, ಅವನಪ್ಪನ ಅಪ್ಪನಂತೂ ಸ್ಟೂಲಿನ ಮೇಲೆ ನಿಂತು ದೋಣಿಗೆ ಬಣ್ಣ ಹೊಡೆಯುತ್ತಿದ್ದನು. ಆದರೂ ಕೊಟ್ಟದ್ದು ಕೊಟ್ಟದ್ದೇ.

"ಅವನು ಅಳಲಿಲ್ಲ ಅಂತಲ್ಲ. ಅತ್ತ. ನಾನು ಕೊಡಲಿಲ್ಲ. ದೊಡ್ಡವನಾದ ಮೇಲೆ ಅವನ ಹತ್ರ ನಾನೇ ಹಲಾಲ್ ಕೇಳ್ದೆ. ಏನಂದ ಗೊತ್ತಾ? ಹಲಾಲ್ ಮಾಕ್, ಹಲಾಲ್, ಅಂದ. ಬಲೆ ನೋಡ್ತಾ ಅಂದ. ಅದು ಹಲಾಲ್ ಅಲ್ಲ. ನನ್ನ ಮಗ ಒಳಗೆ ಏನೋ ಇಟ್ಟುಕೊಂಡಿದ್ದಾನೆ, ನನಗೆ ಹೇಳಲ್ಲ. ಅವಳಿಗೆ ಹೇಳ್ತಾನೇನೋ ನೋಡೋಣ."

ನನ್ನ ಮಗಳು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ತಾನಾಗಿ ಒಸರುತ್ತದೆ, ಕುಪ್ಪಸ ಒದ್ದೆಯಾಗುತ್ತದೆ. ಆ ಕಡೆ ಯಾರೂ ಇಲ್ಲ ಅಂತ ಎದೆಗೆ ಗೊತ್ತಿರುವುದಿಲ್ಲ. ಮಾಕ್ ಸೆಲಾಮಾ ಅವರ ಎದೆಗೆ ಇಬ್ಬರೂ ಗೊತ್ತಿದ್ದರು, ಯಾರಿಗೆ ಎಷ್ಟು ಹೋಯಿತೆಂಬುದೂ ಗೊತ್ತಿತ್ತು.

ನಿನ್ನೆ ಶುಕ್ರವಾರ. ಶುಕ್ರವಾರ ನಮ್ಮಲ್ಲಿ ದೋಣಿ ಇಳಿಯುವುದಿಲ್ಲ. ಹಾಗಾಗಿ ರುಸ್ದಿಗೆ ಕಡಲಿಗೆ ಹೋಗಿ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಊರಿನ ಗಂಡಸರೆಲ್ಲ ಮದುವೆ ಮನೆಯಲ್ಲಿ ತುಪ್ಪದ ಅನ್ನದ ಹಂಡೆ ಕದಡುತ್ತಿದ್ದರೆ ಅವನೊಬ್ಬ ಗಾಳಿಮರಗಳ ಕೆಳಗಿನ ದೋಣಿ ಚಪ್ಪರದಲ್ಲಿ ಬೊಂಡಾಸಿನ ಗಾಳಗಳನ್ನು ಸರಿಮಾಡುತ್ತ ಕೂತಿದ್ದ. ಜೂರಾ ಬೆರಳ ತುದಿಯ ಮದರಂಗಿ ಆರುವ ಮೊದಲೇ ಹೊರಟಳು. ಮದುಮಗಳು ಒಬ್ಬಳೇ ಹೊಸ್ತಿಲು ದಾಟಬಾರದೆಂದು ನಾನು ಮಗುವನ್ನು ಕಟ್ಟಿಕೊಂಡು ಜೊತೆಗೆ ನಡೆದೆ.

ಅವಳು ಮರಳಿನಲ್ಲಿ ಅವನ ಎದುರಿಗೆ ಕೂತು, ಗಾಳಿಗೆ ಬೆರಳು ಹರಡಿಕೊಂಡೇ ಕೇಳಿದಳು. "ಹಲಾಲ್ ಮಾಡಿಕೊಡು."

ಅವನು ಗಾಳದಿಂದ ಕಣ್ಣೆತ್ತಲಿಲ್ಲ. ತಾಯಿಯ ದನಿಯಲ್ಲೇ "ಯಾವುದಕ್ಕೆ?" ಅಂದ.

"ಹಾಲಿಗೆ. ನಿನ್ನ ಪಾಲಿನದು ನಾನು ಕುಡಿದೆ."

"ಅದಾ?" ಅಂದ. ಒಂದು ಕೊಕ್ಕೆಗೆ ದಾರ ಬಿಗಿದು ಹಲ್ಲಿನಲ್ಲಿ ಕತ್ತರಿಸಿದ. "ಹಾಲು ಹಲಾಲ್. ಯಾವತ್ತೋ ಹಲಾಲ್. ಕೂಸಿಗೆ ಹಸಿವಾದ್ರೆ ಕುಡಿಯದೆ ಏನು ಮಾಡುತ್ತೆ? ಮಾಕ್‌ಗೆ ಹೇಳು, ನಿಜವಾಗ್ಲೂ ಅಂದೆ ಅಂತ."

ಅವನು ನಿಜವಾಗಿಯೇ ಹೇಳಿದ್ದು ನನಗೂ ಗೊತ್ತಾಯಿತು. ಅಲ್ಲಿಗೆ ಎದ್ದು ಬರಬಹುದಿತ್ತು. ಜೂರಾ ಏಳಲಿಲ್ಲ. ಹಾಗಿದ್ದರೆ ಇಷ್ಟು ವರ್ಷ ನನ್ನ ಕಂಡರೆ ಎದ್ದು ಹೋಗುವುದು ಯಾಕೆ ಎಂದು ಕೇಳಿದಳು. ಅವನು ಇನ್ನೊಂದು ಗಾಳ ಎತ್ತಿಕೊಂಡ. ಅವಳು ಕೂತೇ ಇದ್ದಳು. ನನ್ನ ಮಗಳು ಕೊಸರಾಡತೊಡಗಿದಳು. ನಾನು ಅತ್ತಿತ್ತ ಅವಳನ್ನು ತೂಗುತ್ತ ನಿಂತೆ.

ಕೊನೆಗೆ ರುಸ್ದಿ, ಎರಡನೇ ಕ್ಲಾಸಿನಲ್ಲಿ ಆಟದ ಮೈದಾನದಲ್ಲಿ ಸಾಲು ನಿಲ್ಲಿಸಿದ್ದು ನೆನಪಿದೆಯಾ ಅಂದ. ಎತ್ತರದ ಪ್ರಕಾರ. ತನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ವಯಸ್ಸಿನಲ್ಲಿ ದೊಡ್ಡವನು, ಇವನ್ಯಾಕೆ ಇಷ್ಟು ಗಿಡ್ಡ ಎಂದು ಮೇಡಂ ನಕ್ಕರು. ಆಗ ಹಿಂದಿನಿಂದ ಒಬ್ಬಳು ಕೂಗಿದಳು.

ಜೂರಾಳ ಕೈ ಬಾಯಿಗೆ ಹೋಯಿತು, ಹಸಿ ಮದರಂಗಿ ಗಲ್ಲಕ್ಕೆ ಅಂಟಿತು. "ಇವನ ಹಾಲೆಲ್ಲ ನಾನು ಕುಡಿದುಬಿಟ್ಟೆ ಮೇಡಂ, ಇವನಿಗೆ ಸಿಕ್ಕಿದ್ದು ಅರ್ಧ ಲೋಟ," ಅಂದಳು, ಆವತ್ತಿನ ಮಾತನ್ನೇ ಈಗ ಕೇಳಿಸಿಕೊಂಡವಳ ಹಾಗೆ. "ಅದು ನಾನಾ?"

"ನೀನು ಮರೆತೆ. ನನಗೆ ದಿನಾ ನೆನಪು ಮಾಡ್ತಾರೆ."

ಅದಕ್ಕೂ ಹಲಾಲ್ ಕೇಳಿದಳು. ಅವನು ಗಾಳ ಕೆಳಗಿಟ್ಟ. ಕಡೆಗೆ ತಲೆಯಾಡಿಸಿದ. ಅಂದರೆ ಇಲ್ಲ ಎಂದು. ಸಿಟ್ಟಿನಿಂದಲ್ಲ. ಬಾಯಲ್ಲಿ ಅನ್ನಬಹುದು, ಆದರೆ ಒಳಗಿನಿಂದ ಬರುತ್ತಿಲ್ಲ, ನಮ್ಮ ತಾಯಿ ಎಂಥವಳೆಂದು ನಿನಗೂ ಗೊತ್ತಲ್ಲ, ಸುಳ್ಳು ಹಲಾಲ್ ಕೊಟ್ಟು ನಿನ್ನನ್ನು ಹಸೆಗೆ ಕಳಿಸುವುದಿಲ್ಲ ಅಂದ. 'ನಮ್ಮ ತಾಯಿ' ಎಂದದ್ದನ್ನು ಜೂರಾ ಗಮನಿಸಿದಳೋ ಇಲ್ಲವೋ, ನಾನು ಗಮನಿಸಿದೆ.

ವಾಪಸ್ ಬರುವಾಗ ಅವಳು ಅಳಲಿಲ್ಲ. ಊರಿನವರ ಬಾಯಿಂದ ಆ ಹೆಸರನ್ನು ಹೇಗೆ ತೆಗೆಯುವುದು ಅಂತ ಒಂದೇ ಸಲ ಕೇಳಿದಳು. ಮಾಕ್ ಸೆಲಾಮಾ ಚಪ್ಪರದ ಬಾಗಿಲಲ್ಲೇ ಕಾದಿದ್ದರು. ಜೂರಾ ಎಲ್ಲವನ್ನೂ ಹೇಳಿದಳು, ತಾನು ಕೂಗಿದ್ದನ್ನೂ ಬಿಡದೆ. ಆ ಹೆಸರು ಎಲ್ಲಿಂದ ಹುಟ್ಟಿತೆಂಬುದು ತಾಯಿಗೆ ಗೊತ್ತೇ ಇರಲಿಲ್ಲವಂತೆ. ಅವರು ಜೂರಾಳ ಗಲ್ಲದ ಮದರಂಗಿಯನ್ನು ತಲೆವಸ್ತ್ರದ ತುದಿಯಿಂದ ಒರೆಸಿದರು. ಅದು ಹೋಗಲಿಲ್ಲ, ಕಿತ್ತಳೆ ಬಣ್ಣ ನಿಂತೇಬಿಟ್ಟಿತು. "ಹಾಲು ಪೂರ್ತಿ ಹಲಾಲ್," ಅಂದರು. "ಉಳಿದದ್ದು ನನ್ನ ಕೈಲಿಲ್ಲ. ಹೋಗು, ಮೈ ತೊಳ್ಕೋ."

ಜುಮಾ ನಮಾಜಿನ ನಂತರ ನಿಕಾಹ್ ಆಯಿತು. ಮದುಮಗ ದುಂಗುನ್ ಕಡೆಯವನು, ಒಂದೇ ಉಸಿರಿಗೆ ತಪ್ಪಿಲ್ಲದೆ ಒಪ್ಪಿಗೆ ಹೇಳಿದ. ಮಧ್ಯಾಹ್ನ ಇಬ್ಬರನ್ನೂ ಹಸೆಯ ಮೇಲೆ ಕೂರಿಸಿದರು. ಹಸೆಯ ಮೇಲಿನ ಮದುಮಗಳು ಅಂದರೆ ಬೊಂಬೆ. ಕಣ್ಣು ಕೆಳಗೆ, ತುಟಿ ಬಿಗಿ, ನಗುವುದೂ ಕಮ್ಮಿ. ಜೂರಾ ಹಾಗೆಯೇ ಕೂತಿದ್ದಳು, ಗಲ್ಲದ ಮೇಲೆ ಪೌಡರಿನಡಿ ಒಂದು ಕಿತ್ತಳೆ ಕಲೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಎಲೆಯ ಕಟ್ಟಿನಿಂದ ಅವರ ಕೈಗಳಿಗೆ ಪನ್ನೀರು ಚಿಮುಕಿಸಿ ಅರಳು ಎರಚುತ್ತಿದ್ದರು.

ರುಸ್ದಿ ಬಂದಿದ್ದ. ತಾಯಿ ಕರೆದರೋ, ತಾನೇ ಬಂದನೋ ಕೇಳಲಿಲ್ಲ. ಊಟದ ಪಂಕ್ತಿಗೆ ನೀರಿನ ಜಗ್ ಹೊತ್ತು ಓಡಾಡುತ್ತಿದ್ದ. ದೋಣಿಯವರ ಮೇಜಿನಿಂದ ಯಾರೋ ಕೂಗಿದರು, "ಏ ಅರ್ಧ ಲೋಟ, ಇಲ್ಲಿ ನೀರು ತಾರೋ. ನಮಗಾದ್ರೂ ಲೋಟ ತುಂಬ ಹಾಕು." ಎಲ್ಲರೂ ನಕ್ಕರು. ಹೇಳುತ್ತೇನೆ, ನಮ್ಮವರೂ ನಕ್ಕರು.

ಹಸೆಯ ಮೇಲಿಂದ ದನಿ ಬಂತು.

"ಆ ಹೆಸರು ಇಟ್ಟವಳು ನಾನು. ಎರಡನೇ ಕ್ಲಾಸಲ್ಲಿ. ಅವನ ಹಾಲನ್ನ ನಾನು ಕುಡಿದು, ಅವನಿಗೇ ಹೆಸರಿಟ್ಟೆ. ಇವತ್ತು ವಾಪಸ್ ತಗೊಂಡಿದ್ದೀನಿ. ಅವನು ನನ್ನ ಅಣ್ಣ ರುಸ್ದಿ. ಇನ್ನು ಮೇಲೆ ಹಂಗೆ ಕರೆಯೋರು ನನ್ನ ಮದುವೆ ಊಟ ತಿಂದಿದ್ದನ್ನ ಹಲಾಲ್ ಮಾಡಿಸ್ಕೊಳ್ಳೋಕೆ ನನ್ನ ಹತ್ರ ಬರಬೇಡಿ."

ಮದುಮಗಳು ಮಾತಾಡಿದ್ದು. ಹಸೆಯ ಮೇಲೆ ಕೂತು, ಇಷ್ಟು ಜನರ ಮುಂದೆ, ಅಷ್ಟು ದೊಡ್ಡ ದನಿಯಲ್ಲಿ. ಸೋದರತ್ತೆ ಕೈಯಲ್ಲಿದ್ದ ಅರಳಿನ ತಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಳು. ಮದುಮಗನ ತಾಯಿ ಪಕ್ಕದವರತ್ತ ಬಾಗಿದಳು. ದೋಣಿಯವರ ಮೇಜಿನಲ್ಲಿ ಅಗಿಯುವುದು ನಿಂತಿತು. ತುತ್ತು ಒಳಗೂ ಹೋಗದೆ ಹೊರಗೂ ಬಾರದೆ ಕೂತಿದ್ದ ಒಬ್ಬನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮದುಮಗ ಮಾತ್ರ ತನ್ನ ಹೊಸ ಹೆಂಡತಿಯನ್ನು ಓರೆಗಣ್ಣಿನಲ್ಲಿ ನೋಡಿ, ಸ್ವಲ್ಪ ನೆಟ್ಟಗೆ ಕೂತ.

ರುಸ್ದಿ ಜಗ್ ಹಿಡಿದು ನಡುವೆ ನಿಂತಿದ್ದ. ಮಾಕ್ ಸೆಲಾಮಾ ಅವನ ಕೈಯಿಂದ ಜಗ್ ತೆಗೆದುಕೊಂಡು ನನಗೆ ಕೊಟ್ಟರು, ಅವನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಅಣ್ಣನಾದವನು ಪನ್ನೀರು ಹಾಕುವುದು ಬೇಡವೇ ಎಂದು ಅಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಅಂದರು. ಅವನು ಹಸೆಯ ಮೆಟ್ಟಿಲು ಹತ್ತಿದ. ಎಲೆಯ ಕಟ್ಟನ್ನು ಪನ್ನೀರಿನಲ್ಲಿ ಅದ್ದಿ ಅವಳ ಕೈಗಳ ಮೇಲೆ ಚಿಮುಕಿಸಿದ. ಅವಳು ಕೂತಿದ್ದಳು, ಅವನು ನಿಂತಿದ್ದ. ಒಮ್ಮೆ ಅವನೇ ಎತ್ತರವಾಗಿ ಕಂಡ.

"ಹಲಾಲ್," ಅಂದ, ತುಟಿ ಅಲುಗಿದಷ್ಟು.

"ಯಾವುದಕ್ಕೆ, ಅಣ್ಣ?" ಅಂದಳು ಜೂರಾ, ಕಣ್ಣು ತಗ್ಗಿಸಿಕೊಂಡೇ.

"ಎಲ್ಲಕ್ಕೂ."

ಹಿಂದಿನಿಂದ ಮಾಕ್ ಸೆಲಾಮಾ ಅಂದರು, "ಎಲ್ಲಕ್ಕೂ ಅಂದ್ರೆ ಯಾವುದಕ್ಕೂ ಇಲ್ಲ ಅಂತ. ಹೆಸರು ಹಿಡಿದು ಹೇಳು ಮಗನೇ."

ರುಸ್ದಿ ತಾಯಿಯತ್ತ ತಿರುಗಿ ನೋಡಿದ, ಮತ್ತೆ ಜೂರಾಳತ್ತ ನೋಡಿದ. ಅವನಿಗೆ ನಗು ಬಂದಿತ್ತು. ದೋಣಿಯವರು ಕರೆದಾಗ ನಗುತ್ತಿದ್ದ ನಗು ಅದಲ್ಲ.

"ಅರ್ಧ ಲೋಟ ಅಂದಿದ್ದಕ್ಕೆ," ಅಂದ. "ಹಲಾಲ್." ಆಮೇಲೆ ಒಂದು ಹಿಡಿ ಅರಳನ್ನು, ಎರಚಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ, ಅವಳ ತಲೆಯ ಮೇಲೆ ಸುರಿದ. ಜೂರಾ ನಕ್ಕುಬಿಟ್ಟಳು. ಮದುಮಗಳ ಬೊಂಬೆಯ ಮುಖ ಪೂರ್ತಿ ಹಾಳಾಯಿತು.

ದೋಣಿಯವರು ಊಟ ಮುಗಿಸಿ ಹೋಗುವಾಗ ಒಬ್ಬೊಬ್ಬರೂ ಹಸೆಯ ಹತ್ತಿರ ಬಂದು ಮದುಮಗಳ ಬಳಿ ಹಲಾಲ್ ಕೇಳಿದರು. ನಮ್ಮವರೂ ಕೇಳಿದರು. ಯಾವುದಕ್ಕೆ ಎಂದು ಅವಳು ಕೇಳಿದಾಗ, ತುಪ್ಪದ ಅನ್ನ, ಕೋಳಿ ಸಾರು, ಉಪ್ಪಿನಕಾಯಿ ಎಂದು ಒಪ್ಪಿಸಿ, ನಕ್ಕದ್ದು ಎಂದೂ ಸೇರಿಸಿದರು. ಎಷ್ಟೋ ವರ್ಷದ ರೂಢಿ, ಬಾಯಿ ತಪ್ಪಿ ಆ ಹೆಸರು ಇನ್ನೂ ಕೆಲವು ಸಲ ಬಂದೇ ಬರುತ್ತದೆ, ನನಗೆ ಗೊತ್ತು. ಬಂದರೆ ಬರಲಿ.

ಮಾಕ್ ಸೆಲಾಮಾ ಅವರನ್ನು ಆಮೇಲೆ ಹುಡುಕಿದೆ. ಮನೆಯ ಹಿಂದೆ, ಅಡುಗೆಯ ಚಪ್ಪರದಲ್ಲಿ, ಒಂದು ತಟ್ಟೆ ಅನ್ನ ಇಟ್ಟುಕೊಂಡು ಆಗ ತಾನೇ ಊಟಕ್ಕೆ ಕೂತಿದ್ದರು. ಪಕ್ಕದಲ್ಲಿ ರುಸ್ದಿ ಕೂತಿದ್ದ. ತನ್ನ ತಟ್ಟೆಯ ಮೊಟ್ಟೆಯನ್ನು ಕೇಳದೆಯೇ ಎತ್ತಿ ತಾಯಿಯ ಅನ್ನದ ಮೇಲಿಟ್ಟ. ಅವರು ಏನೂ ಕೇಳಲಿಲ್ಲ, ಮುರಿದು ತಿಂದರು.